ಹನ್ನೊಂದು ಮನೆ ಸುತ್ತಿದ ಎಪ್ಪತ್ತೈದು ಫರ್ಮಾ

ನನ್ನ ಮೊಮ್ಮಗಳಿಗೆ ವಕೀಲಿ ಸನದು ಬಂತು. ಇದನ್ನು ನಮ್ಮ ಬಿಲ್ಡಿಂಗಿನ ವಾಚ್‌ಮನ್‌ಗೆ ಎರಡು ಸಲ ಹೇಳಿದ್ದೇನೆ, ಹಾಲಿನವನಿಗೆ ಮೂರು ಸಲ. ಮಲಾಡ್ ಮಾರ್ಕೆಟ್ಟಿನಲ್ಲಿ ಮೆಂತ್ಯದ ಸೊಪ್ಪು ಮಾರುವ ಬಾಯಿ ಮಾತ್ರ ನಕ್ಕು, "ಕಾಲ್ ಪಣ್ ಸಾಂಗಿತ್ಲಂ ನಾ, ಬಾಬಾ" ಅಂದಳು. ನಿನ್ನೆಯೂ ಹೇಳಿದ್ದಿರಲ್ಲ ಅಂತ. ಹೇಳಿದೆ, ನಾಳೆಯೂ ಹೇಳುತ್ತೇನೆ. ಕರಿ ಕೋಟು, ಕುತ್ತಿಗೆಗೆ ಬಿಳಿ ಪಟ್ಟಿ ಹಾಕಿಕೊಂಡು ಆ ಹುಡುಗಿ ಬಾಗಿಲಲ್ಲಿ ನಿಂತಾಗ ನನಗೆ ಎದ್ದು ನಿಲ್ಲಬೇಕು ಅನ್ನಿಸಿತು. ನಿಂತೇಬಿಟ್ಟೆ. "ಅಜ್ಜಾ, ಬೈಠೋ ನಾ, ನಾನು ಜಡ್ಜ್ ಅಲ್ಲ" ಅಂತ ನಕ್ಕಳು.

ನಮಸ್ಕಾರ ಮಾಡಿ ಎದ್ದವಳು ಬಟ್ಟೆಯಲ್ಲಿ ಸುತ್ತಿದ ಒಂದು ಗಂಟನ್ನು ನನ್ನ ತೊಡೆಯ ಮೇಲಿಟ್ಟಳು. "ಸಂಘದ ಲೈಬ್ರರಿ ನೋಡ್ಕೊಳ್ಳೋ ಆಂಟಿ ಕೊಟ್ರು. ಇದರ ಬೈಂಡಿಂಗ್ ಪೂರಾ ಹೋಗಿದೆ. ಆಪ್‌ಕೋ ಹೀ ಕರ್ನಾ ಹೈ ಅಂತ ಹೇಳಿದ್ರು, ನೀವೇ ಮಾಡಬೇಕಂತೆ."

ಗಂಟು ಬಿಚ್ಚಿದೆ. ದಪ್ಪ ಕಾನೂನಿನ ಪುಸ್ತಕ. ಬೆನ್ನಿನ ತೊಗಲು ಕೆಂಪು ಪುಡಿಯಾಗಿ ಕೈಗೆ ಹತ್ತಿತು. ಆ ತೊಗಲನ್ನು ತೆಳ್ಳಗೆ ಮಾಡಿದ್ದು ನಾನೇ. ಸುಮಾರು ಐವತ್ತು ವರ್ಷಗಳ ಹಿಂದೆ, ಇದೇ ಕೈಯಲ್ಲಿ. ಸಂತೋಷ ಉಕ್ಕುತ್ತಿದ್ದ ಎದೆಯೊಳಗೆ, ಅದರ ಜೊತೆಗೇ, ಆ ದಿನಗಳ ಹೇಸಿಗೆಯೂ ಎದ್ದು ಬಂತು. ಅದನ್ನು ಬರೆದು ಹೊರಗೆ ಹಾಕದಿದ್ದರೆ ಈ ಸಂತೋಷ ಸರಿಯಾಗಿ ಒಳಗೆ ಇಳಿಯಲಾರದು ಅನ್ನಿಸಿ ಕೂತಿದ್ದೇನೆ. ನಾನು ಮೂರನೆಯ ಇಯತ್ತೆ ಓದಿದವನು. ತಪ್ಪಿದ್ದರೆ ಮೊಮ್ಮಗಳು ತಿದ್ದಲಾರಳು, ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಇದ್ದದ್ದು ಇದ್ದ ಹಾಗೇ ಬರೆಯುತ್ತೇನೆ.

ಎಪ್ಪತ್ತರ ದಶಕದಲ್ಲಿ ನಾನು ಫೋರ್ಟಿನ ಒಂದು ಬೈಂಡಿಂಗ್ ಅಂಗಡಿಯಲ್ಲಿದ್ದೆ. ವಕೀಲರ ಪುಸ್ತಕಗಳೇ ಹೆಚ್ಚಾಗಿ ಬರುತ್ತಿದ್ದವು. ನಮ್ಮಪ್ಪ ಬಿಜಾಪುರದ ಕಡೆ ಚಪ್ಪಲಿ ಹೊಲಿಯುತ್ತಿದ್ದ. ತೊಗಲು ಕೆತ್ತುವ ಅವನ ರಂಪಿಗೆಯನ್ನು ನಾನು ಮುಂಬಯಿಗೆ ತಂದಿದ್ದೆ. ತೊಗಲಿನ ಕೈಗೆಲಸ ಬರುತ್ತದೆ ಅನ್ನುವ ಒಂದೇ ಕಾರಣಕ್ಕೆ ಅಂಗಡಿಯ ಶೇಠ್ ನನ್ನನ್ನು ಇಟ್ಟುಕೊಂಡಿದ್ದ. ಹೊಲಿಗೆ, ಕಾಯಿಸಿ ಹಚ್ಚುವ ಅಂಟು ಅಂದರೆ ಸರಸ್ಸು, ರಟ್ಟು, ಪುಸ್ತಕ ಒತ್ತಿಡುವ ಶಿಕಂಜೆ ಎಲ್ಲವನ್ನೂ ಅಲ್ಲಿಯೇ ಕಲಿತೆ.

ತೊಗಲು ನಾರುತ್ತದೆ, ನಿಜ. ಸರಸ್ಸು ಕಾಯಿಸುವಾಗ ಇನ್ನೂ ನಾರುತ್ತದೆ. ವಕೀಲರು ಅಂಗಡಿಗೆ ಬಂದರೆ ಮೂಗಿಗೆ ಕರವಸ್ತ್ರ ಹಿಡಿದೇ ಮಾತಾಡುತ್ತಿದ್ದರು. ಆದರೆ ಅವರ ಪುಸ್ತಕಗಳನ್ನು ಬಿಚ್ಚಿ ನೋಡಿದವನು ನಾನು. ಪುಟಗಳ ಸಂದಿಯಲ್ಲಿ ನಶ್ಯದ ಪುಡಿ, ಉಗುರಿನ ಚೂರು, ತಲೆಯೆಣ್ಣೆಯ ಕಲೆ, ಎಂಜಲು ಹಚ್ಚಿ ಹಚ್ಚಿ ಕರ್ರಗಾದ ಮೂಲೆಗಳು. ಒಂದು ಪುಸ್ತಕದಲ್ಲಂತೂ ಹಾಳೆಯ ಅಂಚಿನುದ್ದಕ್ಕೂ ಒಣಗಿದ ಸಿಂಬಳ. ಓದುತ್ತ ಓದುತ್ತ ಸವರಿದ್ದು. ಅದನ್ನೆಲ್ಲ ಚಾಕುವಿನ ಬೆನ್ನಿನಿಂದ ಕೆರೆದು ತೆಗೆದು, ಹೊಲಿದು, ಮೇಲೆ ಬಂಗಾರದ ಅಕ್ಷರದಲ್ಲಿ ಅವರ ಹೆಸರು ಒತ್ತಿ ಕಳಿಸುತ್ತಿದ್ದೆವು. ಕರವಸ್ತ್ರ ಯಾರು ಹಿಡಿಯಬೇಕಿತ್ತು ಅನ್ನುವುದನ್ನು ಓದುವವರೇ ಹೇಳಲಿ.

ನಾನು ಓದುವವನಲ್ಲ, ಎಣಿಸುವವನು. ಬೈಂಡಿಂಗ್ ಕೆಲಸದಲ್ಲಿ ಮೊದಲು ಕಲಿಸುವುದು ಅದನ್ನೇ. ದೊಡ್ಡ ಕಾಗದವನ್ನು ಮಡಚಿದರೆ ಎಂಟು ಹಾಳೆಯ, ಹದಿನಾರು ಪುಟದ ಒಂದು ಕಟ್ಟಾಗುತ್ತದೆ. ಅದಕ್ಕೆ ಫರ್ಮಾ ಅನ್ನುತ್ತೇವೆ. ಫರ್ಮಾದ ಮೇಲೆ ಫರ್ಮಾ ಇಟ್ಟು ಹೊಲಿದರೆ ಪುಸ್ತಕ. ಯಾವ ಪುಸ್ತಕ ಬಂದರೂ ಮೊದಲು ಪ್ರತಿ ಫರ್ಮಾದ ಹಾಳೆಗಳನ್ನು ಹೆಬ್ಬೆರಳಿನಿಂದ ಎಣಿಸಬೇಕು. ಎಂಟಿದ್ದರೆ ಮುಂದಕ್ಕೆ. ಇಲ್ಲದಿದ್ದರೆ ಗಿರಾಕಿಗೆ ಹೇಳಬೇಕು, ಆಮೇಲೆ ನಮ್ಮ ತಲೆಗೆ ಬರಬಾರದು.

ಸಂಜೆ, ಭಾನುವಾರ ನಾನು ಸಂಘದವನು. ಬಿಜಾಪುರ, ಗುಲಬರ್ಗಾ, ಸೊಲ್ಲಾಪುರ ಕಡೆಯ, ಊರ ಹೊರಗಿನ ಕೇರಿಗಳ ಮಕ್ಕಳು ಮುಂಬಯಿಯಲ್ಲಿ ಕಾನೂನು ಓದುತ್ತಿದ್ದರಲ್ಲ, ಅವರಿಗೆ ಆಸರೆಯಾಗಲಿ ಅಂತ ಕಟ್ಟಿಕೊಂಡ ಸಂಘ. ಸಯನ್ ಸ್ಟೇಷನ್ನಿನ ಹತ್ತಿರ ಚಾಳಿನ ಕೆಳಗಿನ ಒಂದು ಖೋಲಿ, ಎರಡು ಬೆಂಚು, ಒಂದು ಕಪಾಟು. ಆ ವರ್ಷ ಹನ್ನೊಂದು ವಿದ್ಯಾರ್ಥಿಗಳಿದ್ದರು. ಎಲ್ಲರೂ ಬೆಳಗ್ಗೆ ಕಾಲೇಜು ಮುಗಿಸಿ ಕೆಲಸಕ್ಕೆ ಹೋಗುವವರು. ಕಾಲೇಜಿನ ಲೈಬ್ರರಿ ತೆರೆಯುವ ಹೊತ್ತಿಗೆ ಇವರು ಆಫೀಸಿನಲ್ಲಿ, ಇವರು ಬಿಡುವಾಗುವ ಹೊತ್ತಿಗೆ ಲೈಬ್ರರಿಗೆ ಬೀಗ. ಹೀಗಾಗಿ ಸಂಘದ ಕಪಾಟೇ ಅವರ ಲೈಬ್ರರಿ. ಹರಿದ ಪುಸ್ತಕ ಎಲ್ಲಿ ಸಿಕ್ಕರೂ ತಂದು ನಾನು ಹೊಲಿದು ಇಡುತ್ತಿದ್ದೆ. ಸಂಘದ ಕಾರ್ಯದರ್ಶಿ ಅಂಚೆ ಕಚೇರಿಯಲ್ಲಿ ಪತ್ರ ವಿಂಗಡಿಸುತ್ತಿದ್ದ, ತಾನೂ ಓದುತ್ತಿದ್ದ.

ಹನ್ನೊಂದರಲ್ಲಿ ಒಬ್ಬಳೇ ಹುಡುಗಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ನಾನು ಅವಳನ್ನು ತಂಗಿ ಅನ್ನುತ್ತಿದ್ದೆ. ಕಡೆಯ ವರ್ಷದ ಎಲ್ಲ ವಿಷಯಗಳಲ್ಲಿ ಪಾಸಾಗಿ, ಸಿವಿಲ್ ಪ್ರೊಸೀಜರ್ ಅನ್ನುವ ಒಂದೇ ಪೇಪರಿನಲ್ಲಿ ಬಿದ್ದಿದ್ದಳು. ಅವಳಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದ: ಇನ್ನೊಂದೇ ಸಲ ಬರಿ, ಆಗಲಿಲ್ಲ ಅಂದರೆ ಸೊಲ್ಲಾಪುರದ ವರನಿಗೆ ಮಾತು ಕೊಟ್ಟಾಗಿದೆ, ಪುಸ್ತಕ ಕಟ್ಟಿಡು.

ಆ ಪೇಪರಿಗೆ ಬೇಕಾದ ದೊಡ್ಡ ಪುಸ್ತಕ ಸಂಘದಲ್ಲಿ ಇರಲಿಲ್ಲ. ಅದನ್ನು ತರಿಸುತ್ತೇನೆ ಅಂತ ಮುಂದೆ ಬಂದವನು ನಾನೇ. ನಮ್ಮ ಅಂಗಡಿಯ ಕಾಯಂ ಗಿರಾಕಿ ಒಬ್ಬ ದೊಡ್ಡ ವಕೀಲ, ಬಾಂದ್ರಾದಲ್ಲಿ ಮನೆ, ಧಾರವಾಡದ ಕಡೆಯವನು. ಕನ್ನಡಿಗರ ಸಭೆಗಳಲ್ಲಿ ಅಧ್ಯಕ್ಷನಾಗಿ ಕೂರುವವನು. ಅವನ ಗುಮಾಸ್ತನ ಹತ್ತಿರ ಕೇಳಿದೆ. ವಕೀಲ ಒಪ್ಪಿದ. ಒಪ್ಪಿದ್ದಷ್ಟೇ ಅಲ್ಲ, ಸಭೆ ಮಾಡಿ ಕೊಡುತ್ತೇನೆ ಅಂದ. ನಾವು ಬೆಂಚು ಒರೆಸಿ, ಹಾರ ತಂದು, ಫೋಟೋದವನನ್ನು ಕರೆಸಿದೆವು. ಶಿಕ್ಷಣದ ಬಗ್ಗೆ ಅರ್ಧ ಗಂಟೆ ಮಾತಾಡಿ ತನ್ನ ಹಳೆಯ ಪುಸ್ತಕವನ್ನು ಕಾರ್ಯದರ್ಶಿಯ ಕೈಗೆ ಕೊಟ್ಟ. ಮುಟ್ಟದ ಹಾಗೆ, ಮೇಲಿನಿಂದ ಬಿಟ್ಟ. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ. ಚಪ್ಪಾಳೆ ಹೊಡೆಯುವುದರಲ್ಲಿ ನಾನೇ ಮುಂದಿದ್ದೆ.

ಪುಸ್ತಕದ ಬೆನ್ನು ಬಿಟ್ಟಿತ್ತು. ಹೊಲಿದು ಕೊಡುತ್ತೇನೆ ಅಂತ ಅಲ್ಲಿಯೇ ಖೋಲಿಯ ನೆಲದ ಮೇಲೆ ಚಾಪೆ ಹಾಸಿ ಕೂತೆ. ಅಭ್ಯಾಸದಂತೆ ಹೆಬ್ಬೆರಳು ಎಣಿಸುತ್ತ ಹೋಯಿತು. ಎಂಟು, ಎಂಟು, ಎಂಟು. ಮಧ್ಯದಲ್ಲಿ ಒಂದು ಕಡೆ ಬೆರಳು ಸುಮ್ಮನೆ ಜಾರಿತು. ಅಲ್ಲಿ ಹಾಳೆಗಳೇ ಇರಲಿಲ್ಲ. ಬುಡದಲ್ಲಿ ಬೆರಳಗಲದ ಕಾಗದದ ಪಟ್ಟಿ ಮಾತ್ರ ಇತ್ತು. ಬ್ಲೇಡಿನಿಂದ ನೀಟಾಗಿ ಕೊಯ್ದದ್ದು. ಎಣಿಸಿದೆ. ಪೂರಾ ಮೂರು ಫರ್ಮಾ, ಇಪ್ಪತ್ನಾಲ್ಕು ಹಾಳೆ.

ಕಾರ್ಯದರ್ಶಿ ಮುಂದಿನ ಹಿಂದಿನ ಪುಟ ನೋಡಿ ತಲೆಗೆ ಕೈ ಹಚ್ಚಿದ. "ಅಣ್ಣಾ, ಇದು ನಮಗ ಬೇಕಾದ ಭಾಗನ ಐತಿ. ಕೋರ್ಟು ತೀರ್ಪು ಕೊಟ್ಟ ಮ್ಯಾಲೆ ಅದನ್ನ ಜಾರಿ ಮಾಡಿಸೋದು ಹೆಂಗ ಅನ್ನೋದು. ಪ್ರತಿ ಸಲ ಇದರ ಮ್ಯಾಲೆ ಪ್ರಶ್ನೆ ಇದ್ದ ಇರತಾವು."

"ನಾನು ಬಿದ್ದದ್ದು ಇದರಾಗ" ಅಂದಳು ತಂಗಿ. ಕೊಯ್ದ ಪಟ್ಟಿಯ ಮೇಲೆ ಬೆರಳಾಡಿಸಿದಳು. "ಮಾವಿನ ಹಣ್ಣು ತಾನು ತಿಂದು ಗೊರಟ ನಮಗ ಕೊಟ್ಟಾನ. ಮ್ಯಾಲೆ ಹಾರ ಬ್ಯಾರೆ ಹಾಕಿಸಿಕೊಂಡು ಹೋಗ್ಯಾನ."

ಮರುದಿನ ಗುಮಾಸ್ತ ಅಂಗಡಿಗೆ ಬಂದಾಗ ಕೇಳಿದೆ. ಮಂಗಳೂರು ಕಡೆಯವನು, ಮಾತಿನಲ್ಲಿ ಒಳ್ಳೆಯವನೇ.

"ಎಂತ ಮಾರಾಯ, ಪುಕ್ಕಟೆ ಸಿಕ್ಕಿದ ಪುಸ್ತಕಕ್ಕೂ ಹಾಳೆ ಎಣಿಸ್ತೀಯಾ ನೀನು?" ಅಂದ. "ಆ ಪುಟದಲ್ಲಿ ಸಾಹೇಬ್ರು ಬರ್ದ ನೋಟ್ಸ್ ಉಂಟು. ಅವ್ರೇ ಬ್ಲೇಡು ಹಾಕಿ ತೆಗ್ದದ್ದು. ಉಳಿದದ್ದು ಉಂಟಲ್ಲ, ಅಷ್ಟು ಓದ್ಲಿ."

"ಹೇಳಿಯಾದರೂ ಕೊಡಬಹುದಿತ್ತಲ್ರೀ."

"ಹೇಳಿದ್ರೆ ನೀವು ಹಾರ ಹಾಕ್ತಿದ್ರಾ?" ಅಂತ ನಕ್ಕ.

ಅವತ್ತು ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಊಟ ಸೇರಲಿಲ್ಲ. ಒಣಗಿದ ಸಿಂಬಳ ಕೆರೆದ ಕೈಯಲ್ಲೇ ಎಷ್ಟೋ ಸಲ ರೊಟ್ಟಿ ತಿಂದವನು ನಾನು. ಇದು ಬೇರೆ. ಸಭೆ ಕೂಡಿಸಿ, ಮೈಕಿನಲ್ಲಿ ನಿಂತು ದಾನ ಕೊಡುವಾಗ ಆ ಮನುಷ್ಯನಿಗೆ ಪುಸ್ತಕದೊಳಗೆ ಏನಿಲ್ಲ ಅನ್ನುವುದು ಗೊತ್ತಿತ್ತು. ನಾನೂ ಅದಕ್ಕೆ ಚಪ್ಪಾಳೆ ಹೊಡೆದೆ.

ಆಗ ನಡೆದದ್ದು ಹೀಗೆ. ಗುಮಾಸ್ತ ಅವತ್ತು ಬಂದದ್ದು ಅದೇ ಪುಸ್ತಕದ ಹೊಸ ಆವೃತ್ತಿಯನ್ನು ಕೊಡುವುದಕ್ಕೆ. ದೊಡ್ಡ ವಕೀಲರಲ್ಲಿ ಒಂದು ರೂಢಿಯಿತ್ತು. ಹೊಸ ಪುಸ್ತಕ ಕೊಂಡರೆ ಅದನ್ನು ಹಾಗೇ ಓದುವುದಿಲ್ಲ. ಪೂರಾ ಬಿಚ್ಚಿಸಿ, ಅಚ್ಚಾದ ಹಾಳೆಗಳ ನಡುನಡುವೆ ಖಾಲಿ ಹಾಳೆ ಸೇರಿಸಿ, ಮತ್ತೆ ಹೊಲಿಸಿ, ತೊಗಲು ಹಾಕಿಸುತ್ತಾರೆ. ಆ ಖಾಲಿ ಹಾಳೆಗಳ ಮೇಲೆ ತಮ್ಮ ಟಿಪ್ಪಣಿ ಬರೆದುಕೊಳ್ಳುತ್ತಾರೆ. ಈ ಕೆಲಸಕ್ಕೆ ಹೆಚ್ಚು ದಿನ ಬೇಕು. ಖಾಲಿ ಕಾಗದ ತರಿಸಬೇಕು, ಅಳತೆಗೆ ಕತ್ತರಿಸಬೇಕು. ಅಲ್ಲಿಯವರೆಗೆ ಬಿಚ್ಚಿದ ಫರ್ಮಾಗಳು ಎರಡು ರಟ್ಟಿನ ನಡುವೆ ಸುಮ್ಮನೆ ಕೂತಿರುತ್ತವೆ.

ಹೊಲಿಗೆ ಕತ್ತರಿಸಿ, ಬೆನ್ನಿನ ಸರಸ್ಸಿಗೆ ಮೆತ್ತನೆಯ ಗಂಜಿ ಹಚ್ಚಿ ನೆನೆಸಿ, ಒಂದೊಂದೇ ಫರ್ಮಾ ಬಿಡಿಸಿದೆ. ಎಪ್ಪತ್ತೈದು ಫರ್ಮಾ. ಎಣಿಸಿದೆ. ಎಲ್ಲದರಲ್ಲೂ ಎಂಟು. ಎದುರಿಗೆ ರಾಶಿ ಬಿದ್ದಿದ್ದ ಅವನ್ನು ನೋಡುತ್ತ ಕೂತಾಗ ಹೊಳೆಯಿತು: ಹೊಲಿದ ಪುಸ್ತಕವನ್ನು ಒಂದು ಹೊತ್ತಿಗೆ ಒಬ್ಬನೇ ಓದಬಹುದು. ಬಿಚ್ಚಿದ ಪುಸ್ತಕವನ್ನು ಹನ್ನೊಂದು ಮಂದಿ ಓದಬಹುದು.

ಗಿರಾಕಿಯ ಕಾಗದ ಅಂಗಡಿಯ ಹೊಸ್ತಿಲು ದಾಟಬಾರದು ಅನ್ನುವುದು ನಮ್ಮ ಕೆಲಸದ ಮೊದಲ ನೇಮ. ಅದನ್ನು ಮುರಿಯುತ್ತಿದ್ದೇನೆ ಅನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ಪರೀಕ್ಷೆಗೆ ಹದಿನೆಂಟು ದಿನ ಇತ್ತು. ಶೇಠ್‌ಗೆ ಹೇಳಲಿಲ್ಲ. ಪ್ರತಿ ಫರ್ಮಾದ ಬೆನ್ನಿನ ಮೇಲೆ ಪೆನ್ಸಿಲಿನಿಂದ ನಂಬರು ಹಾಕಿ, ರಟ್ಟಿನ ನಡುವೆ ಇಟ್ಟು, ಧೋತರದ ತುಂಡಿನಲ್ಲಿ ಸುತ್ತಿ ಸಯನ್‌ಗೆ ಒಯ್ದೆ.

ಖೋಲಿಯಲ್ಲಿ ಎಲ್ಲರಿಗೂ ಷರತ್ತು ಹೇಳಿದೆ. "ಎಣ್ಣೀ ಕೈ, ಚಾದ ಕಪ್ಪು, ಕೂಸು, ಈ ಮೂರು ಹತ್ತಿರ ಬರಬಾರದು. ಗೆರಿ ಎಳೀಬಾರದು. ಮಡಚಬಾರದು. ಎಂಜಲ ಹಚ್ಚಿ ಹಾಳಿ ತಿರುವಿದರ ನಾನು ಬೆರಳ ಮುರೀತೇನಿ."

"ಅಣ್ಣಾ, ಉಸಿರು ಬಿಡಬಹುದೇನು?" ಅಂದ ಕಾರ್ಯದರ್ಶಿ.

"ಮಾರಿ ಆಚಿ ಕಡೆ ತಿರುವಿ ಬಿಡ್ರಿ" ಅಂದಳು ತಂಗಿ.

ಒಬ್ಬೊಬ್ಬರಿಗೆ ಆರು, ಏಳು ಫರ್ಮಾ. ಮನೆಗೆ ಒಯ್ದು ಓದಿ, ಬೇಕಾದದ್ದು ಬರೆದುಕೊಂಡು, ಎರಡು ದಿನಕ್ಕೊಮ್ಮೆ ಬೆಳಗ್ಗೆ ಕಾಲೇಜಿಗೆ ಹೊರಡುವ ಮೊದಲು ಸಯನ್ ಪ್ಲಾಟ್‌ಫಾರ್ಮಿನ ಮೇಲೆ ಬದಲಾಯಿಸಿಕೊಳ್ಳುವುದು. ನಾನು ಬೆಂಚಿನ ಮೇಲೆ ಕೂತು ಎಣಿಸಿ ಒಪ್ಪಿಸಿಕೊಳ್ಳುತ್ತಿದ್ದೆ, ಎಣಿಸಿ ಕೊಡುತ್ತಿದ್ದೆ. ಕೊಯ್ದು ಹೋದ ಭಾಗದ ಆ ಮೂರು ಫರ್ಮಾಗಳನ್ನು ಮಾತ್ರ ತಂಗಿಗೇ ಕೊಟ್ಟೆವು. ಅವಳ ಅಕ್ಷರ ದುಂಡಗೆ. ಕಾರ್ಬನ್ ಹಾಳೆ ಇಟ್ಟು ಒತ್ತಿ ಬರೆದು ಎಲ್ಲರಿಗೂ ಪ್ರತಿ ಕೊಡಬೇಕು ಅಂತ ಮಾತಾಯಿತು.

ಒಂದು ವಾರ ಯಾವ ತೊಂದರೆಯೂ ಆಗಲಿಲ್ಲ. ಒಂದು ಫರ್ಮಾಕ್ಕೂ ಒಂದು ಚುಕ್ಕೆ ಬೀಳಲಿಲ್ಲ. ಎಂಟನೆಯ ದಿನ ತಂಗಿ ಪ್ಲಾಟ್‌ಫಾರ್ಮಿಗೆ ಬಂದಾಗ ಮುಖ ಬಿಳಿಚಿತ್ತು. ಜೊತೆಗೆ ಅವಳ ತಾಯಿ. ಮುನ್ಸಿಪಾಲಿಟಿಯಲ್ಲಿ ರಸ್ತೆ ಗುಡಿಸುವ ಹೆಂಗಸು, ಕೈಯಲ್ಲಿ ಕಸಬರಿಗೆ ಹಾಗೇ ಇತ್ತು. ಗಂಟು ಬಿಚ್ಚಿ ನೋಡಿದರೆ ಮೂರೂ ಫರ್ಮಾ ಒದ್ದೆ, ಮೇಲಿನ ಹಾಳೆಯ ಮೇಲೆ ಅಂಗೈಯಗಲ ಕೆಂಪು.

"ರಕ್ತ ಏನವಾ ಇದು?" ಅಂತ ಕೂಗಿಬಿಟ್ಟೆ.

ರಕ್ತವಲ್ಲ. ಮಗಳು ಡ್ಯೂಟಿಗೆ ಹೋದಾಗ ತಾಯಿ ಆ ಫರ್ಮಾಗಳನ್ನು ದೇವರ ಮುಂದೆ ಇಟ್ಟು, ನೆನೆಸಿದ ಅರಿಶಿಣವನ್ನು ಬೆರಳಿನಿಂದ ಹಚ್ಚಿದ್ದಳು. ಮಗಳು ಬಂದು ನೋಡಿ ಗಾಬರಿಯಾಗಿ ಸೋಪಿನ ಬಟ್ಟೆಯಿಂದ ಒರೆಸಿದ್ದಳು. ಅರಿಶಿಣಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ. ಒರೆಸಿದಷ್ಟೂ ಹರಡಿ, ನೀರು ಕೆಳಗಿನ ಎರಡು ಫರ್ಮಾಗಳಿಗೂ ಇಳಿದಿತ್ತು.

"ಯಪ್ಪಾ," ಅಂದಳು ತಾಯಿ, "ನಾ ಓದಿದಾಕಿ ಅಲ್ಲ. ಮನಿತನಕ ಕೋರ್ಟು ಬಂದೈತಿ ಅಂತ ಅರಿಶಿಣ ಹಚ್ಚಿದೆ. ತಪ್ಪಾತೇನು?"

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ಜನ್ಮದಲ್ಲಿ ಸಾವಿರಾರು ಕಾನೂನಿನ ಪುಸ್ತಕ ಬಿಚ್ಚಿದ್ದೇನೆ, ಅವುಗಳ ಮೇಲೆ ಮನುಷ್ಯರು ಬಿಟ್ಟದ್ದೆಲ್ಲ ನೋಡಿದ್ದೇನೆ. ಭಕ್ತಿಯ ಕಲೆ ನೋಡಿದ್ದು ಅದೊಂದೇ.

"ಎಷ್ಟು ಬರದಿ?" ಅಂತ ತಂಗಿಯನ್ನು ಕೇಳಿದೆ.

"ನಾಕು ಪುಟ. ನಾಕ ಪುಟ ಅಣ್ಣಾ. ಈ ವಾರೆಲ್ಲಾ ಡಬಲ್ ಡ್ಯೂಟಿ ಇತ್ತು. ಇವತ್ತ ಸುಟ್ಟಿ ತಗೊಂಡು ಬರೀಬೇಕಂತ ಇದ್ದೆ."

ಬರೆಯಲು ಈಗ ಆ ಫರ್ಮಾಗಳನ್ನು ಅವಳ ಕೈಯಲ್ಲಿ ಬಿಡುವ ಹಾಗಿರಲಿಲ್ಲ. ಒದ್ದೆ ಕಾಗದ ಒಂದು ದಿನ ಹಾಗೇ ಇದ್ದರೆ ಬೂಸಲು ಹಿಡಿಯುತ್ತದೆ. ಉಳಿದೆಲ್ಲ ಫರ್ಮಾಗಳನ್ನು ಅವತ್ತೇ ವಾಪಸು ತರಿಸಿಕೊಂಡೆ. ಅಂಗಡಿಯ ಮಾಳಿಗೆಯ ಗಚ್ಚಿಯ ಮೇಲೆ, ಶೇಠ್ ಕಣ್ಣು ತಪ್ಪಿಸಿ, ಕೆಂಪಾದ ಕಡೆ ಲಿಂಬೆರಸದ ಹತ್ತಿ ಒತ್ತಿದೆ. ಕೆಂಪು ಮತ್ತೆ ಹಳದಿಗೆ ತಿರುಗಿತು. ಆಮೇಲೆ ಬರೀ ನೀರಿನ ಹತ್ತಿ, ಆಮೇಲೆ ಬಿಸಿಲು. ಅರಿಶಿಣ ಬಿಸಿಲಿಗೆ ಹೆದರುತ್ತದೆ. ಸೀರೆಗೆ ಬಿದ್ದ ಅರಿಶಿಣದ ಕಲೆಯನ್ನು ನಮ್ಮ ಹೆಂಗಸರು ಹೀಗೇ ತೆಗೆಯುತ್ತಾರೆ. ಹಾಳೆಗಳನ್ನು ದಾರಕ್ಕೆ ನೇತುಹಾಕಿ, ಗಂಟೆಗೊಮ್ಮೆ ತಿರುವಿ, ಸಂಜೆ ರಟ್ಟಿನ ನಡುವೆ ಭಾರ ಹೇರಿ ಇಟ್ಟೆ. ಮೂರು ದಿನ ಹಿಡಿಯಿತು. ಕಡೆಗೆ ಉಳಿದದ್ದು ಗೊತ್ತಿದ್ದವರಿಗಷ್ಟೇ ಕಾಣುವ ಕೆನೆಯ ಬಣ್ಣದ ಒಂದು ನೆರಳು.

ಅಷ್ಟರಲ್ಲಿ ಗುಮಾಸ್ತನ ಫೋನ್ ಬಂತು, ಭಾನುವಾರ ಪುಸ್ತಕ ಬೇಕೇ ಬೇಕು ಅಂತ. ಪರೀಕ್ಷೆ ಮುಂದಿನ ಶುಕ್ರವಾರ. ಆ ಮೂರು ಫರ್ಮಾ ತಂಗಿಗೆ ಮತ್ತೆ ಕೊಡಲು ಒಂದು ದಿನವೂ ಸಿಗಲಿಲ್ಲ. ಸುಮ್ಮನೆ ಹೊಲಿದೆ. ಫರ್ಮಾಕ್ಕೆ ಎರಡು ಖಾಲಿ ಕಾಗದ ಮಡಚಿ ಸೇರಿಸುತ್ತ, ಚೌಕಟ್ಟಿಗೆ ಎಳೆದು ಕಟ್ಟಿದ ನವಾರಿನ ಪಟ್ಟಿಗಳ ಮೇಲೆ ಒಂದೊಂದೇ ಹೊಲಿದೆ. ಬೆನ್ನಿಗೆ ಸರಸ್ಸು, ಸುತ್ತಿಗೆಯಿಂದ ತಟ್ಟಿ ಗುಂಡಗೆ, ರಟ್ಟು, ಶಿಕಂಜೆಯಲ್ಲಿ ಎರಡು ದಿನ. ಅಪ್ಪನ ರಂಪಿಗೆಯಿಂದ ತೊಗಲಿನ ಅಂಚನ್ನು ಸಿಗರೇಟಿನ ಕಾಗದದಷ್ಟು ತೆಳ್ಳಗೆ ಕೆತ್ತಿದೆ. ಅಷ್ಟು ಚೆಂದದ ಕೆಲಸ ನಾನು ಅದಕ್ಕೆ ಮೊದಲೂ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ. ಯಾಕೆ ಅಷ್ಟು ಚೆಂದ ಮಾಡಿದೆನೋ. ಹೆಸರು ಒತ್ತುವುದು ಮಾತ್ರ ಬಾಕಿ. ಅಕ್ಷರದ ಅಳತೆಯನ್ನು ವಕೀಲನೇ ನೋಡಿ ಹೇಳಬೇಕಿತ್ತು.

ಭಾನುವಾರ ಬೆಳಗ್ಗೆ ಚರ್ಚ್‌ಗೇಟಿನಿಂದ ಲೋಕಲ್ ಹಿಡಿದು ಬಾಂದ್ರಾಕ್ಕೆ ಹೋದೆ. ಗುಮಾಸ್ತ ಅಲ್ಲಿಯೇ ಇದ್ದ. ವಕೀಲ ಪುಸ್ತಕ ತೆಗೆದುಕೊಂಡು, ಬೆನ್ನು ಸವರಿ, ಮೂಗಿಗೆ ಹಿಡಿದು ತೊಗಲಿನ ವಾಸನೆ ಎಳೆದುಕೊಂಡ. ಅಂಗಡಿಯಲ್ಲಿ ಇದೇ ವಾಸನೆಗೆ ಕರವಸ್ತ್ರ ಹಿಡಿಯುತ್ತಿದ್ದವನು.

"ಭೇಷ್. ತೊಗಲಿನ ಕೆಲಸ ಅಂದರ ನಿಮ್ಮ ಮಂದೀದ ನೋಡು" ಅಂದ.

ಧೈರ್ಯ ಮಾಡಿ ಕೇಳಿದೆ. "ಸಾಹೇಬ್ರ, ಆ ಹಳೇ ಪುಸ್ತಕದಾಗಿನ ಹಾಳಿ ನಿಮ್ಮ ಹತ್ತಿರ ಅದಾವಂತಲ್ರೀ. ಎರಡ ದಿನ ಕೊಟ್ಟರ ನಮ್ಮ ಹುಡುಗರು ಬರಕೊಂಡು ತಂದು ಕೊಡ್ತಾರ್ರೀ. ಶುಕ್ರವಾರ ಪರೀಕ್ಷಾ ಐತಿ."

ಅವನು ತಲೆಯೆತ್ತಲಿಲ್ಲ. ಹೆಬ್ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವುತ್ತ, "ನಿಮಗ ಪಾಸಾದರ ಸಾಕಲ್ಲೋ? ಉಳಿದದ್ದು ಓದಿದರ ಪಾಸಾಗ್ತಾರ. ಎಲ್ಲಾ ಓದಿ ಏನು ಹೈಕೋರ್ಟಿನ ಜಡ್ಜ್ ಆಗೋರದಾರೇನು?" ಅಂದ.

ಗುಮಾಸ್ತ ನಕ್ಕ. ವಕೀಲನೂ ನಕ್ಕ. ನಗುತ್ತ ತಿರುವುತ್ತಿದ್ದ ಕೈ ಒಂದು ಕಡೆ ನಿಂತಿತು. "ಇದೇನಿದು, ಇಲ್ಲೊಂದೀಟು ಹಳದಿ ಕಾಣತೈತಲ್ಲ?"

ಸರಸ್ಸಿನ ಕಲೆ ರೀ ಅಂದಿದ್ದರೆ ಮುಗಿಯುತ್ತಿತ್ತು. ಬಾಯಿಯವರೆಗೆ ಬಂದಿತ್ತು ಅದು. ನನ್ನ ಕಣ್ಣು ಮಾತ್ರ ಅವನ ಹೆಬ್ಬೆರಳಿನ ಮೇಲಿತ್ತು. ಆ ತಾಯಿ ಬೆರಳಿಟ್ಟ ಜಾಗದಲ್ಲೇ ಅವನ ಎಂಜಲು ಹೊಳೆಯುತ್ತಿತ್ತು. ನನಗೆ ಹೇಸಿಗೆಯಾಯಿತು. ಮೈಯೆಲ್ಲ ಹೇಸಿಗೆಯಾಯಿತು. ಯೋಚಿಸಿ ಹೇಳಿದೆ ಅಂದರೆ ಸುಳ್ಳಾಗುತ್ತದೆ.

"ಅರಿಶಿಣ ರೀ" ಅಂದೆ. "ನಿಮ್ಮ ಪುಸ್ತಕ ನಮ್ಮ ಸಂಘದ ಹನ್ನೊಂದು ಮನಿ ಸುತ್ತಿ ಬಂದೈತ್ರೀ. ಬಿಚ್ಚಿದಾಗ ಹಂಚಿ ಕೊಟ್ಟಿದ್ದೆ. ಒಂದು ಮನ್ಯಾಗ ರಸ್ತಾ ಕಸ ಹೊಡಿಯೋ ಹೆಣ್ಣಮಗಳು ಅದಕ್ಕ ಪೂಜಾ ಮಾಡ್ಯಾಳ."

ಪುಸ್ತಕ ಅವನ ಕೈಯಿಂದ ಮೇಜಿನ ಮೇಲೆ ಬಿತ್ತು. ಒಮ್ಮೆ ತನ್ನ ಎರಡೂ ಅಂಗೈ ನೋಡಿಕೊಂಡ, ಎದ್ದು ಒಳಗೆ ಹೋದ. ನಳದ ಸದ್ದು. ಸೋಪು ಡಬ್ಬಿಗೆ ಬಡಿದ ಸದ್ದು. ಬಹಳ ಹೊತ್ತು ತೊಳೆದ. ಅಲ್ಲಿ ನಿಂತು ನನಗೆ ಬಂದ ಯೋಚನೆ ಒಂದೇ: ಅವನ ಕೈಗೆ ಒಂದಿಷ್ಟಾದರೂ ಅರಿಶಿಣ ಹತ್ತಿದ್ದರೆ ಈಗ ಕೆಂಪಾಗಿರುತ್ತಿತ್ತು.

ಹೊರಗೆ ಬಂದವನು ಬಾಗಿಲಲ್ಲೇ ನಿಂತ. "ತಗೊಂಡು ಹೋಗು ಅದನ್ನ. ಈ ಮನ್ಯಾಗ ಅದು ಬ್ಯಾಡ."

"ತಗೊಂಡು ಎಲ್ಲಿ ಹೋಗಲ್ರೀ?"

"ಎಲ್ಲೆರ ಹೋಗು! ನಿಮ್ಮವರಿಗೇ ಕೊಡು, ಇಟಗೊಳ್ಳಲಿ." ಗುಮಾಸ್ತನ ಕಡೆ ತಿರುಗಿ, "ಆ ಶೇಠ್‌ಗೆ ಫೋನ್ ಹಚ್ಚು" ಅಂದ.

ಗುಮಾಸ್ತ ಪುಸ್ತಕವನ್ನು ಪೇಪರಿನಲ್ಲಿ ಹಿಡಿದು ಎತ್ತಿ ನನ್ನ ಕೈಗೆ ಕೊಟ್ಟ. ಬಾಗಿಲವರೆಗೆ ಬಂದು ಮೆತ್ತಗೆ, "ನಿಂಗೆ ತಲೆ ಸಮ ಇಲ್ವಾ ಮಾರಾಯ? ಇನ್ನು ಅಂಗಡಿಗೆ ಹೋಗ್ಬೇಡ ನೀನು" ಅಂದ.

ಅಂಗಡಿಗೆ ಹೋಗಲಿಲ್ಲ. ಬಾಂದ್ರಾದಿಂದ ಬಸ್ ಹಿಡಿದು ನೇರ ಸಯನ್‌ಗೆ ಬಂದೆ. ಬಸ್ಸಿನಲ್ಲಿ ಕೂತಾಗಲೇ ನನಗೆ ತಿಳಿದದ್ದು, ನನ್ನ ತೊಡೆಯ ಮೇಲೆ ಏನಿದೆ ಅಂತ. ಕೆಲಸ ಹೋಯಿತು ಅನ್ನುವುದು ಆಮೇಲೆ ತಿಳಿಯಿತು.

ಸಂಘದ ಖೋಲಿಯಲ್ಲಿ ಎಲ್ಲರೂ ಕೂತಿದ್ದರು. ನಡೆದದ್ದು ಹೇಳಿದೆ. ಕಾನೂನಿನ ಮಕ್ಕಳಲ್ಲವೇ, ಶುರುವಾಯಿತು ವಾದ. ಕೈ ತೊಳೆದದ್ದು ಅಸ್ಪೃಶ್ಯತೆಯ ಕಾಯ್ದೆಯಲ್ಲಿ ಅಪರಾಧವೋ ಅಲ್ಲವೋ? ಕೇಸು ಹಾಕೋಣ ಅಂತ ಒಬ್ಬ, ನಿಲ್ಲುವುದಿಲ್ಲ ಅಂತ ಇನ್ನೊಬ್ಬ. ಪುಸ್ತಕ ಇಟ್ಟುಕೊಂಡರೆ ಕಳ್ಳತನ ಆಗುವುದಿಲ್ಲವೇ ಅಂತ ಮತ್ತೊಬ್ಬ ಹೆದರಿದ.

"ಕಳ್ಳತನ ಹೆಂಗಾಗತೈತಿ?" ಅಂದ ಕಾರ್ಯದರ್ಶಿ. "ನಿಮ್ಮವರಿಗೇ ಕೊಡು, ಇಟಗೊಳ್ಳಲಿ ಅಂತ ಸಾಕ್ಷಿ ಮುಂದ ಹೇಳ್ಯಾನ. ಗುಮಾಸ್ತನ ಕೈಲೆ ಎತ್ತಿ ಕೊಡಿಸ್ಯಾನ. ಸ್ಥಿರ ಆಸ್ತಿ ಅಲ್ಲ, ಪುಸ್ತಕ. ಬಾಯಿಲೆ ಕೊಟ್ಟು ಕೈಗೆ ದಾಟಿಸಿದರ ದಾನ ಪೂರ್ತಿ ಆತು. ಮೊದಲಿನ ದಾನಕ್ಕಿಂತ ಇದ ಗಟ್ಟಿ."

ತಂಗಿ ಅಷ್ಟರಲ್ಲಿ ಪುಸ್ತಕ ತೆರೆದು ಆ ಹಳದಿ ನೆರಳಿನ ಪುಟ ಹುಡುಕಿಯಾಗಿತ್ತು. "ಕೇಸು ಶುಕ್ರವಾರದ ಮ್ಯಾಲೆ ಹಾಕೂಣು" ಅಂದಳು. "ಈಗ ಎಲ್ಲಾರೂ ಪೆನ್ನು ತಗೀರಿ."

ಈಗ ಪುಸ್ತಕ ಹೊಲಿದಾಗಿತ್ತು, ಹಂಚುವ ಹಾಗಿರಲಿಲ್ಲ. ಅವಳು ಓದಿದಳು, ಹತ್ತು ಮಂದಿ ಬರೆದರು. ಟೆಲಿಫೋನಿನಲ್ಲಿ ನಂಬರು ಹೇಳಿ ರೂಢಿಯಾದ ದನಿ, ಒಂದೊಂದು ಶಬ್ದವೂ ಬಿಡಿಬಿಡಿ. ನನಗೆ ಒಂದಕ್ಷರ ತಿಳಿಯಲಿಲ್ಲ. ಬಾಗಿಲಲ್ಲಿ ಕೂತು ಕೇಳಿದೆ. ನಲವತ್ತೆಂಟು ಪುಟ.

ಶುಕ್ರವಾರದ ಪೇಪರಿನಲ್ಲಿ ಆ ಭಾಗದ ಮೇಲೆ ಎರಡು ಪ್ರಶ್ನೆ ಬಂದವು. ರಿಸಲ್ಟು ಬಂದ ದಿನ ಅವಳ ತಾಯಿ ಕಸಬರಿಗೆ ಸಮೇತ ಖೋಲಿಗೆ ಬಂದು, ಅವಸರದಲ್ಲಿ ನನ್ನ ಹಣೆಗೂ ಅರಿಶಿಣ ಹಚ್ಚಿಬಿಟ್ಟಳು. ಸೊಲ್ಲಾಪುರದ ವರ ಬೇರೆ ಕಡೆ ನೋಡಿಕೊಂಡ. ಶೇಠ್ ನನ್ನನ್ನು ಬೈದು ಕಳಿಸಿದ್ದ. ತಪ್ಪು ನನ್ನದಿತ್ತು, ಬೈಸಿಕೊಂಡೆ. ಸಂಘದ ಖೋಲಿಯ ಮೂಲೆಯಲ್ಲೇ ಒಂದು ಹಳೆಯ ಶಿಕಂಜೆ ಇಟ್ಟು ಬೈಂಡಿಂಗ್ ಶುರು ಮಾಡಿದೆ. ಅದರಲ್ಲೇ ಸಂಸಾರ ನಡೆಯಿತು, ಮಕ್ಕಳಾದರು, ಮೊಮ್ಮಗಳಾದಳು. ಆ ವಕೀಲನ ಮೇಲೆ ಕೇಸು ಯಾರೂ ಹಾಕಲಿಲ್ಲ. ಅವನು ಮುಂದೆಯೂ ಸಭೆಗಳಲ್ಲಿ ಅಧ್ಯಕ್ಷನಾಗಿ ಕೂತ. ಆ ಹೇಸಿಗೆ ಇವತ್ತಿಗೂ ಹೋಗಿಲ್ಲ. ಹೋಗಲಿ ಅಂತಲೂ ನನಗೆ ಅನ್ನಿಸುವುದಿಲ್ಲ.

ಈಗ ಆ ಪುಸ್ತಕ ನನ್ನ ಮುಂದಿದೆ. ಮೊಮ್ಮಗಳು ಎದುರಿಗೆ ನೆಲದ ಮೇಲೆ ಕೂತಿದ್ದಾಳೆ, ಕೋರ್ಟಿನಿಂದ ಬಂದವಳು ಕರಿ ಕೋಟು ಇನ್ನೂ ತೆಗೆದಿಲ್ಲ. ನಾನು ಹೊಲಿಗೆ ಕತ್ತರಿಸಿ, ಗಂಜಿ ಹಚ್ಚಿ, ಒಂದೊಂದೇ ಫರ್ಮಾ ಬಿಡಿಸುತ್ತಿದ್ದೇನೆ. ಕಾನೂನು ಎಷ್ಟೋ ಬದಲಾಗಿದೆಯಂತೆ, ಆದರೂ ಸಂಘದವರು ಇದನ್ನು ಬಿಟ್ಟಿಲ್ಲ. ವಕೀಲನ ಟಿಪ್ಪಣಿಗೆ ಅಂತ ನಾನು ಸೇರಿಸಿದ್ದ ಖಾಲಿ ಹಾಳೆಗಳಲ್ಲಿ ಜಾಗವೇ ಉಳಿದಿಲ್ಲ. ಕನ್ನಡ, ಮರಾಠಿ, ಇಂಗ್ಲಿಷ್, ಶಾಯಿ, ಪೆನ್ಸಿಲ್. ಎಷ್ಟು ವರ್ಷದ ಎಷ್ಟು ಮಕ್ಕಳ ಕೈಯೋ. ಕಡೆಯ ಫರ್ಮಾದಲ್ಲಿ ನನ್ನ ಮೊಮ್ಮಗಳ ಅಕ್ಷರವೂ ಇದೆ.

"ಅಜ್ಜಾ, ಈ ಪೇಜ್ ಪೀಲಾ ಯಾಕೆ?" ಅಂತ ಕೇಳಿದಳು.

"ಹೇಳತೇನಿ ತಡಿ ಮಗಾ. ಮೊದಲ ಎಣಸತೇನಿ" ಅಂದೆ.

ನಡುವೆ ಸೇರಿಸಿದ್ದ ಖಾಲಿ ಹಾಳೆ ಬಿಟ್ಟು ಅಚ್ಚಿನ ಹಾಳೆಗಳನ್ನಷ್ಟೇ ಎಣಿಸುತ್ತೇನೆ, ಹೆಬ್ಬೆರಳು ಮರೆತಿಲ್ಲ. ಎಂಟು. ಎಂಟು. ಎಂಟು. ಇಷ್ಟು ಮನೆ, ಇಷ್ಟು ಕೈ ದಾಟಿ ಬಂದ ಎಪ್ಪತ್ತೈದು ಫರ್ಮಾ. ಯಾರೂ ಬ್ಲೇಡು ಹಾಕಿಲ್ಲ. ಒಂದು ಹಾಳೆಯೂ ಕಡಿಮೆಯಿಲ್ಲ.